‘ಎಫ್‌ಐಯು ನೋಂದಾಯಿತ’ ಎಂದರೆ ಸರ್ಕಾರದ ಲೈಸೆನ್ಸ್ ಎಂದರ್ಥವೇ?

ಕ್ರಿಪ್ಟೋ ಆ್ಯಪ್‌ಗಳ ಜಾಹೀರಾತಿನಲ್ಲಿ ‘ಎಫ್‌ಐಯು ನೋಂದಾಯಿತ’ ಎಂಬ ಸಾಲು ಈಗ ಸಾಮಾನ್ಯ. ಅದನ್ನು ನೋಡಿದ ಹಲವರು ‘ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ, ಇನ್ನು ಭಯವಿಲ್ಲ’ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ‘ಭಾರತದಲ್ಲಿ ಕ್ರಿಪ್ಟೋ ನಿಷೇಧವಾಗಿದೆ’ ಎಂದೇ ನಂಬಿದ್ದಾರೆ. ಎರಡೂ ಸರಿಯಲ್ಲ. ಹಾಗಾದರೆ ವಾಸ್ತವ ಏನು? ನೋಡೋಣ.

ನಿಷೇಧ ಇದೆಯೇ?

ಇಲ್ಲ. ಕ್ರಿಪ್ಟೋ ವ್ಯವಹಾರ ನಡೆಸುವವರಿಗೆ ಸೇವೆ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನಿಷೇಧದ ಗೊಂದಲ ಉಳಿದುಕೊಂಡಿರುವುದು ಆ ಎರಡು ವರ್ಷಗಳಿಂದ. ಆದರೆ ‘ನಿಷೇಧವಿಲ್ಲ’ ಎಂದರೆ ‘ಕರೆನ್ಸಿಯಾಗಿ ಮಾನ್ಯತೆ ಇದೆ’ ಎಂದಲ್ಲ. ಬಿಟ್‌ಕಾಯಿನ್ ನಮ್ಮಲ್ಲಿ ಕಾನೂನುಬದ್ಧ ಹಣವಲ್ಲ.

ಎಫ್‌ಐಯು ನೋಂದಣಿ ಎಂದರೇನು?

ಎಫ್‌ಐಯು ಎಂದರೆ ಹಣಕಾಸು ಸಚಿವಾಲಯದ ಅಡಿಯಲ್ಲಿರುವ ಹಣಕಾಸು ಗುಪ್ತಚರ ಘಟಕ. ಅನುಮಾನಾಸ್ಪದ ವಹಿವಾಟುಗಳ ಮಾಹಿತಿ ಸಂಗ್ರಹಿಸಿ, ವಿಶ್ಲೇಷಿಸಿ, ತನಿಖಾ ಸಂಸ್ಥೆಗಳಿಗೆ ಕೊಡುವುದು ಇದರ ಕೆಲಸ. 2023ರ ಮಾರ್ಚ್ 7ರ ಅಧಿಸೂಚನೆಯ ಮೂಲಕ ಕೇಂದ್ರ ಸರ್ಕಾರ ಕ್ರಿಪ್ಟೋ ಕಂಪನಿಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅಂದಿನಿಂದ ಇವು ಪಾಲಿಸಬೇಕಾದ ಮುಖ್ಯ ನಿಯಮಗಳು ಹೀಗಿವೆ:

• ಎಫ್‌ಐಯುನಲ್ಲಿ ವರದಿ ಸಲ್ಲಿಸುವ ಸಂಸ್ಥೆಯಾಗಿ ನೋಂದಾಯಿಸಿಕೊಳ್ಳಬೇಕು.
• ಗ್ರಾಹಕರ ಕೆವೈಸಿ ಪಡೆಯಬೇಕು.
• ವಹಿವಾಟಿನ ದಾಖಲೆಗಳನ್ನು ಐದು ವರ್ಷ ಕಾಪಾಡಬೇಕು.
• ಅನುಮಾನಾಸ್ಪದ ವಹಿವಾಟುಗಳನ್ನು ವರದಿ ಮಾಡಬೇಕು. ಅದಕ್ಕೆ ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕು.

ಕಚೇರಿ ವಿದೇಶದಲ್ಲಿದ್ದರೂ ಭಾರತೀಯರಿಗೆ ಸೇವೆ ಕೊಡುವವರಿಗೆ ಇದು ಅನ್ವಯ. 2023ರ ಡಿಸೆಂಬರ್‌ನಲ್ಲಿ ಬೈನಾನ್ಸ್, ಕುಕಾಯಿನ್ ಸೇರಿದಂತೆ ಒಂಬತ್ತು ವಿದೇಶಿ ಕಂಪನಿಗಳಿಗೆ ಎಫ್‌ಐಯು ನೋಟಿಸ್ ಕೊಟ್ಟು, ಅವುಗಳ ಜಾಲತಾಣಗಳನ್ನು ನಿರ್ಬಂಧಿಸುವಂತೆ ಐಟಿ ಸಚಿವಾಲಯಕ್ಕೆ ಪತ್ರ ಬರೆಯಿತು. 2024ರ ಜೂನ್‌ನಲ್ಲಿ ಬೈನಾನ್ಸ್‌ಗೆ 18.82 ಕೋಟಿ ರೂಪಾಯಿ ದಂಡ ಬಿತ್ತು.

ಹಾಗಾದರೆ ಲೈಸೆನ್ಸ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ಓದಿ. ಎಲ್ಲವೂ ಕಳ್ಳಹಣ ತಡೆಯುವ ಉದ್ದೇಶದವು. ನಿಮ್ಮ ನಾಣ್ಯಗಳನ್ನು ಕಂಪನಿ ಎಲ್ಲಿ ಇಡಬೇಕು, ತನ್ನ ಹಣದಿಂದ ಬೇರೆಯಾಗಿ ಇಡಬೇಕೇ, ಕಳುವಾದರೆ ಯಾರು ತುಂಬಿಕೊಡಬೇಕು ಎಂಬುದು ಆ ಪಟ್ಟಿಯಲ್ಲಿಲ್ಲ.

ಹೋಲಿಕೆಗೆ ಜಪಾನ್ ನೋಡಿ. 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಮುಳುಗಿದ ಬಳಿಕ ಅಲ್ಲಿ ಬಿಗಿ ಕಾನೂನು ಬಂತು. ಅದರಂತೆ ಗ್ರಾಹಕರ ಆಸ್ತಿಯನ್ನು ಕಂಪನಿಯ ಆಸ್ತಿಯಿಂದ ಪ್ರತ್ಯೇಕವಾಗಿ ಇಡಬೇಕು. ಅದರಲ್ಲಿ ಕನಿಷ್ಠ 95 ಶೇಕಡಾ ಭಾಗ ಇಂಟರ್ನೆಟ್‌ಗೆ ಸಂಪರ್ಕವಿಲ್ಲದ ‘ಕೋಲ್ಡ್ ವಾಲೆಟ್’ನಲ್ಲಿರಬೇಕು. ಐರೋಪ್ಯ ಒಕ್ಕೂಟದಲ್ಲೂ 2024ರ ಡಿಸೆಂಬರ್ ಕೊನೆಯಿಂದ ಕ್ರಿಪ್ಟೋ ಸೇವೆಗಳಿಗೆ ಪ್ರತ್ಯೇಕ ಪರವಾನಗಿ ವ್ಯವಸ್ಥೆ ಜಾರಿಯಲ್ಲಿದೆ.

ಈ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಹಣ ಹಿಂತೆಗೆತ ನಿಂತಿತು. ಮುಂದೆ ಕಂಪನಿಯ ಪುನರ್‌ರಚನೆ ಪ್ರಕರಣ ನಡೆದದ್ದು ಸಿಂಗಾಪುರದ ಹೈಕೋರ್ಟಿನಲ್ಲಿ. ಭಾರತದ ಗ್ರಾಹಕರು ತಮ್ಮ ಉಳಿತಾಯಕ್ಕಾಗಿ ಬೇರೆ ದೇಶದ ನ್ಯಾಯಾಲಯದತ್ತ ನೋಡುತ್ತಾ ಕೂರಬೇಕಾಯಿತು. ಬ್ಯಾಂಕ್ ಮುಳುಗಿದರೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ, ಕ್ರಿಪ್ಟೋಗೆ ಅಂಥದ್ದಿಲ್ಲ.

ತೆರಿಗೆ ಕಟ್ಟಿದರೆ ಮಾನ್ಯತೆ ಸಿಕ್ಕಂತೆಯೇ?

ಅದೂ ಅಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ 30 ಶೇಕಡಾ ತೆರಿಗೆ ಇದೆ. ಅದೇ ವರ್ಷದ ಜುಲೈನಿಂದ ಮಾರಾಟದ ಮೊತ್ತಕ್ಕೆ 1 ಶೇಕಡಾ ಟಿಡಿಎಸ್ ಇದೆ. ಆದಾಯಕ್ಕೆ ತೆರಿಗೆ ಹಾಕುವುದು ಬೇರೆ, ವ್ಯವಹಾರಕ್ಕೆ ಭದ್ರತೆ ಒದಗಿಸುವುದು ಬೇರೆ.

ನಾವು ಏನು ಗಮನಿಸಬೇಕು?

• ನೋಂದಣಿ ಆಗಿರುವುದು ಕಂಪನಿಯ ಕಾನೂನುಬದ್ಧ ಹೆಸರಿನಲ್ಲೋ, ಆ್ಯಪ್‌ನ ಹೆಸರಿಗೂ ಅದಕ್ಕೂ ಸಂಬಂಧ ಇದೆಯೋ ನೋಡಿ.
• ‘ಮೊದಲು ತೆರಿಗೆ ಕಟ್ಟಿ, ಆಮೇಲೆ ನಿಮ್ಮ ಹಣ ಬಿಡುತ್ತೇವೆ’ ಎಂದರೆ ಅದು ವಂಚನೆಯ ಲಕ್ಷಣ. ಟಿಡಿಎಸ್ ಕಡಿತವಾಗುವುದು ನಿಮಗೆ ಬರಬೇಕಾದ ಮೊತ್ತದಿಂದಲೇ. ಅದಕ್ಕಾಗಿ ಮತ್ತೆ ಹಣ ಹಾಕಬೇಕಿಲ್ಲ.
• ಮೋಸ ಹೋದರೆ ತಡ ಮಾಡದೆ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಿ.

ಒಟ್ಟಿನಲ್ಲಿ, ಎಫ್‌ಐಯು ನೋಂದಣಿ ಇಲ್ಲದ ಆ್ಯಪ್‌ನಿಂದ ದೂರವಿರುವುದು ಒಳ್ಳೆಯದು. ಆದರೆ ನೋಂದಣಿ ಇದೆ ಎಂಬ ಒಂದೇ ಕಾರಣಕ್ಕೆ ಹಣ ಹಾಕುವುದು ಜಾಣತನವಲ್ಲ. ಕಂಪನಿ ನಿಮ್ಮ ಮೇಲೆ ಕಣ್ಣಿಟ್ಟಿದೆ ಎಂಬುದಕ್ಕೆ ಆ ನೋಂದಣಿ ಸಾಕ್ಷಿ. ನಿಮ್ಮ ಹಣಕ್ಕೆ ಕಾವಲಿದೆ ಎಂಬುದಕ್ಕಲ್ಲ.