ಎಲ್ಲೆ ಬರೆದಿಡದ ತಂತ್ರಾಂಶ

ನಮ್ಮ ದಾನಶಾಸನಗಳು ಭೂಮಿ ಕೊಟ್ಟೆವೆಂದು ಹೇಳಿ ಸುಮ್ಮನಾಗುವುದಿಲ್ಲ. ಮೂಡಣಕ್ಕೆ ಯಾವ ಕೆರೆ, ತೆಂಕಣಕ್ಕೆ ಯಾವ ಮರ ಎಂದು ಅನೇಕ ಶಾಸನಗಳು ಚತುಸ್ಸೀಮೆಯನ್ನೂ ಬರೆದಿಡುತ್ತವೆ. ಮುಂದೆ ವ್ಯಾಜ್ಯ ಬಂದರೆ ಯಾವುದು ಯಾರದೆಂದು ತಿಳಿಯಬೇಕಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ (1905) ಅಚ್ಚಾಗಿವೆ. ಇಂಥ ಹಳೆಯ ಪುಟಗಳ ಚಿತ್ರದಿಂದ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ಮುಕ್ತ ತಂತ್ರಾಂಶ ಟೆಸೆರಾಕ್ಟ್. ಅದನ್ನು ಆಕರ ಸಂಕೇತದಿಂದ, ಅಂದರೆ ಮೂಲ ಕೋಡ್‌ನಿಂದ, ತಾವೇ ಕಟ್ಟಿಕೊಂಡವರ ಲಿನಕ್ಸ್ ಯಂತ್ರದಲ್ಲಿ ಈ ಎಲ್ಲೆಯ ಎಚ್ಚರ ಸುಲಭವಾಗಿ ತಪ್ಪಿಹೋಗುತ್ತದೆ.

ಕಟ್ಟಿಕೊಳ್ಳುವ ಅಗತ್ಯ ಏಕೆ ಬಂತು? ಎಚ್‌ಪಿ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಟೆಸೆರಾಕ್ಟ್ 2005ರಲ್ಲಿ ಮುಕ್ತವಾಯಿತು. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿ ನರಜಾಲ ಆಧರಿಸಿ ಓದುವ ಹೊಸ ಕ್ರಮವನ್ನು ತಂದಿತು. ಆಗ ಬಳಕೆಯಲ್ಲಿದ್ದ ಹಲವು ಲಿನಕ್ಸ್‌ಗಳ ಭಂಡಾರದಲ್ಲಿ ಇದ್ದದ್ದು ಮೂರನೆಯ ಆವೃತ್ತಿ. ಹೊಸದು ಬೇಕಾದವರು ಕೋಡ್ ಇಳಿಸಿಕೊಂಡು ‘ಕಾನ್ಫಿಗರ್’, ‘ಮೇಕ್’, ‘ಮೇಕ್ ಇನ್‌ಸ್ಟಾಲ್’ ಎಂಬ ಮೂರು ಹೆಜ್ಜೆ ಹಾಕಬೇಕಿತ್ತು.

‘ಮೇಕ್’ 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಯಾವ ಕಡತದಿಂದ ಯಾವುದನ್ನು ಕಟ್ಟಬೇಕೆಂದು ಅದಕ್ಕೆ ಗೊತ್ತು. ಕಟ್ಟಿದ್ದನ್ನು ಎಲ್ಲೆಲ್ಲಿ ಇಟ್ಟೆನೆಂಬ ಲೆಕ್ಕವನ್ನು ಮಾತ್ರ ಅದು ಇಟ್ಟುಕೊಳ್ಳುವುದಿಲ್ಲ. ‘ಮೇಕ್ ಅನ್‌ಇನ್‌ಸ್ಟಾಲ್’ ಎಂಬ ಆಜ್ಞೆಯೂ ಇರಬೇಕೆಂದು ಗ್ನೂ ಯೋಜನೆ ವಿಧಿಸಿತು. ಆದರೆ ಅದು ಸರಿಯಾಗಿ ನಡೆಯಬೇಕಾದರೆ ಅದೇ ಆವೃತ್ತಿಯ ಆಕರ, ಅದೇ ಸಂಯೋಜನೆಯೊಡನೆ, ಉಳಿದಿರಬೇಕು. ಜಾಗ ಸಾಲದೆಂದು ಆ ಫೋಲ್ಡರನ್ನು ಅಳಿಸಿದವರು ಪತ್ರವನ್ನೇ ಸುಟ್ಟಂತೆ.

ಈ ಕೊರತೆ ತುಂಬಲು 1990ರ ದಶಕದಲ್ಲಿ ಪ್ಯಾಕೇಜ್ ಪದ್ಧತಿಗಳು ಬೆಳೆದವು. ಸ್ಲ್ಯಾಕ್‌ವೇರ್ ಪ್ರತಿ ಪ್ಯಾಕೇಜಿನ ಕಡತಗಳ ಪಟ್ಟಿ ಇಟ್ಟಿತು. ಡೆಬಿಯನ್, ರೆಡ್ ಹ್ಯಾಟ್‌ಗಳು ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂಬುದನ್ನೂ ದಾಖಲಿಸಿದವು. 1996ರಿಂದ ‘ಪಿಸಿ ಕ್ವೆಸ್ಟ್’ ಪತ್ರಿಕೆ ಲಿನಕ್ಸ್ ಸಿ.ಡಿ.ಗಳನ್ನು ಓದುಗರಿಗೆ ಮುಟ್ಟಿಸಿತು. ಆ ಕೆಲಸದ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಹೀಗೆ ನಮ್ಮಲ್ಲಿ ಅನೇಕರಿಗೆ ಲಿನಕ್ಸ್ ಸಿಕ್ಕಿದ್ದೇ ಪ್ಯಾಕೇಜುಗಳ ರೂಪದಲ್ಲಿ. ಲೆಕ್ಕ ತಾನಾಗಿಯೇ ಇರುತ್ತದೆ ಎಂಬ ನಂಬಿಕೆಯೂ ಜೊತೆಗೇ ಬಂತು. ಕೈಯಾರೆ ಕಟ್ಟಿದ್ದು ಆ ಲೆಕ್ಕದ ಹೊರಗೇ ಉಳಿಯಿತು.

ಪರಿಣಾಮ ವಿಚಿತ್ರ. ಒಂದೇ ಯಂತ್ರದಲ್ಲಿ ಎರಡು ಟೆಸೆರಾಕ್ಟ್: ಭಂಡಾರದ್ದು ಒಂದು, ಕಟ್ಟಿದ್ದು ‘ಲೋಕಲ್’ ಫೋಲ್ಡರಿನಲ್ಲಿ ಇನ್ನೊಂದು. ಪ್ಯಾಕೇಜನ್ನು ತೆಗೆದು ಹಾಕಿದರೂ ತಂತ್ರಾಂಶ ಓಡುತ್ತಲೇ ಇರುತ್ತದೆ. ಕಟ್ಟಿದ್ದನ್ನು ತೆಗೆದರೆ, ಯಾವ ಎಚ್ಚರಿಕೆಯೂ ಇಲ್ಲದೆ, ಹಳೆಯದು ಓದಲು ಕೂರುತ್ತದೆ. ಒಂದು ಒತ್ತಕ್ಷರ ತಪ್ಪಿದರೆ ಹುಡುಕಾಟದಲ್ಲಿ ಒಂದು ಊರೇ ಕಾಣೆಯಾಗುತ್ತದೆ. ಆ ಊರಿಗೆ ಶಾಸನವಿಲ್ಲ ಎಂದು ಸಂಶೋಧಕ ಬರೆದುಬಿಡಬಹುದು.

ಪರಿಹಾರ ಕಷ್ಟದ್ದಲ್ಲ. ಹೊಸದನ್ನು ಹಾಕುವ ಮೊದಲು ಹಳೆಯದನ್ನು ಅದರದೇ ಆಕರದಿಂದ ತೆಗೆಯುವುದು. ಅದನ್ನು ನೆಚ್ಚಿಕೊಂಡ ಬೇರೆ ತಂತ್ರಾಂಶಗಳಿವೆಯೇ ಎಂದು ನೋಡುವುದು. ಪ್ರತಿ ಆವೃತ್ತಿಗೂ ಪ್ರತ್ಯೇಕ ಫೋಲ್ಡರ್ ಕೊಟ್ಟರೆ ಇನ್ನೂ ಒಳ್ಳೆಯದು. ಬಾಬ್ ಗ್ಲಿಕ್‌ಸ್ಟೈನ್ ಬರೆದ ‘ಸ್ಟೋ’ ಈ ದಾರಿಯದೇ: ಕಡತಗಳು ತಮ್ಮ ಫೋಲ್ಡರಿನಲ್ಲೇ ಇರುತ್ತವೆ, ಹೊರಗೆ ಕಾಣುವುದು ಕೊಂಡಿ ಮಾತ್ರ. ಕೊಂಡಿ ಕಳಚಿದರೆ ಹಿಂದೆ ಕಸ ಉಳಿಯುವುದಿಲ್ಲ.

ಪಠ್ಯ ಯಾವ ಪುಸ್ತಕದ ಯಾವ ಪುಟದ್ದೆಂದು ಬರೆಯುವುದನ್ನು ನಾವು ಕಲಿತಿದ್ದೇವೆ. ಅದನ್ನು ಓದಿದ ತಂತ್ರಾಂಶ ಯಾವ ಆವೃತ್ತಿಯದೆಂದೂ ಪಕ್ಕದಲ್ಲಿ ಬರೆಯಬೇಕು.