ಕಜ್ಜಿ: ವ್ಯಾಧಿಯ ಗತಿ ಮತ್ತು ದೇಹದ ಪ್ರತಿರೋಧ

ಸಾರ್ಕಾಪ್ಟಿಸ್ ಸ್ಕೇಬಿಯೈ ಎಂಬ, ಅರ್ಧ ಮಿಲಿಮೀಟರಿಗಿಂತಲೂ ಕಿರಿದಾದ ಎಂಟು ಕಾಲಿನ ನುಸಿಯೊಂದು ಚರ್ಮದ ಮೇಲ್ಪೊರೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುವುದರಿಂದ ಉಂಟಾಗುವ ಸಾಂಕ್ರಾಮಿಕ ವ್ಯಾಧಿ. ಆಯುರ್ವೇದ ಸಂಹಿತೆಗಳಲ್ಲಿ ಪಾಮಾ ಎಂಬ ಹೆಸರಿನಿಂದ ವರ್ಣಿತವಾದ ರೋಗವನ್ನು ಇದರೊಡನೆ ಸಮೀಕರಿಸುವುದು ವಾಡಿಕೆ. ಇಟಲಿಯ ಬೊನೋಮೊ 1687ರಲ್ಲಿಯೇ ನುಸಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದರೂ, ರಕ್ತದೋಷವೇ ಕಜ್ಜಿಗೆ ಮೂಲವೆಂಬ ಪಂಡಿತರ ನಂಬಿಕೆ ಅಲುಗಲಿಲ್ಲ. 1834ರಲ್ಲಿ ಕಾರ್ಸಿಕಾದ ವಿದ್ಯಾರ್ಥಿ ರೆನುಚ್ಚಿ, ತನ್ನ ನಾಡಿನ ಹೆಂಗಸರು ಮಾಡುತ್ತಿದ್ದಂತೆ, ಪ್ಯಾರಿಸ್ಸಿನ ವೈದ್ಯರೆದುರಿಗೆ ಸೂಜಿಯ ಮೊನೆಯಿಂದ ಅದನ್ನು ಹೊರತೆಗೆದು ತೋರಿಸಿದ ಮೇಲೆಯೇ ವಿವಾದವಡಗಿತು.

ಆದರೆ ತುರಿಕೆ ನುಸಿಯ ಕೊರೆತದಿಂದಲ್ಲ, ದೇಹವು ಅದಕ್ಕೆ ಕೊಡುವ ಉತ್ತರದಿಂದ ಹುಟ್ಟುವುದೆಂಬುದು ತಿಳಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮೆಲಾನ್ಬಿ ಎಂಬ ಸಂಶೋಧಕನು, ಸೈನ್ಯಸೇವೆಯನ್ನು ನಿರಾಕರಿಸಿದ ಸ್ವಯಂಸೇವಕರಿಗೆ ರೋಗವನ್ನು ಅಂಟಿಸಿ ನೋಡಿದಾಗ, ಮೊದಲ ಸಲ ತುರಿಕೆ ತಿಂಗಳೊಂದು ಕಳೆದ ಮೇಲೆ ಕಾಣಿಸಿಕೊಂಡಿತು; ಎರಡನೆಯ ಸಲವಾದರೋ ಒಂದು ದಿನದೊಳಗೇ ಕೆರಳಿತು, ನುಸಿಗಳೂ ಬಹುವಾಗಿ ಬೆಳೆಯಲಿಲ್ಲ. ಸಾಮಾನ್ಯ ರೋಗಿಯ ಮೈಯಲ್ಲಿ ಹತ್ತು ಹನ್ನೆರಡು ಹೆಣ್ಣುನುಸಿಗಳಿಗಿಂತ ಹೆಚ್ಚಿರುವುದು ಅಪರೂಪ. ಇಷ್ಟು ಅಲ್ಪ ಸೈನ್ಯಕ್ಕೆ ಅಷ್ಟೊಂದು ಕೋಲಾಹಲ!

ಇದಕ್ಕೆ ವಿಪರೀತವಾದುದು 1848ರಲ್ಲಿ ನಾರ್ವೆಯ ಡೇನಿಯೆಲ್ಸನ್ ಮತ್ತು ಬೋಯೆಕ್ ಕುಷ್ಠರೋಗಿಗಳಲ್ಲಿ ಗುರುತಿಸಿದ ಹಕ್ಕಳೆಗಜ್ಜಿ. ಎಚ್‌ಐವಿ ಸೋಂಕಿನಿಂದಲೋ ಸ್ಟೀರಾಯ್ಡಿನಿಂದಲೋ ಪ್ರತಿರೋಧ ಕುಗ್ಗಿದವರಲ್ಲಿ ನುಸಿಗಳು ಲಕ್ಷೋಪಲಕ್ಷವಾಗಿ ಹೆಚ್ಚುತ್ತವೆ. ರಕ್ತದಲ್ಲಿ ಐಜಿಇ ಪ್ರತಿಕಾಯಗಳೂ ಇಯೋಸಿನೋಫಿಲ್ ಕಣಗಳೂ ಯಥೇಚ್ಛವಾಗಿದ್ದರೂ ಅವು ರಕ್ಷಣೆಗೆ ಒದಗುವುದಿಲ್ಲ. ನುಸಿಯು ಸ್ರವಿಸುವ ಕೆಲವು ಪ್ರೋಟೀನುಗಳು ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾವ್ಯವಸ್ಥೆಯನ್ನು ತಡೆಯುವುದರಿಂದ, ಕೆರೆದ ಗಾಯಗಳಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಬೇರೂರುವುದು ಸುಲಭವಾಗುತ್ತದೆ. ಮಕ್ಕಳಲ್ಲಿ ಇದರಿಂದ ಮೂತ್ರಪಿಂಡಗಳ ಉರಿಯೂತವೂ ಉಂಟಾಗಬಹುದು.

ದಾವಣಗೆರೆಯಲ್ಲಾಗಲಿ, ಕಾರ್ಖಾನೆಗಳಿಂದ ಬೆಳೆದ ನೆರೆಯ ಹರಿಹರದಲ್ಲಾಗಲಿ, ಒಂದೇ ಕೊಠಡಿಯಲ್ಲಿ ಹಲವರು ಮಲಗುವ ವಿದ್ಯಾರ್ಥಿನಿಲಯಗಳೂ ಕಿಕ್ಕಿರಿದ ಮನೆಗಳೂ ಈ ವ್ಯಾಧಿಗೆ ಅನುಕೂಲವಾದ ನೆಲೆಗಳು. ತುರಿಕೆಯಿಲ್ಲವೆಂದು ನಿಶ್ಚಿಂತರಾಗಿರುವ ಸಹವಾಸಿಗಳು ಆ ಮೊದಲ ತಿಂಗಳಿನಲ್ಲಿಯೇ ರೋಗವನ್ನು ಹರಡುತ್ತಿರಬಹುದು. ಚಿಕಿತ್ಸೆಗೆ ಹಿಂದೆ ಬೇವು, ಹೊಂಗೆ ಎಣ್ಣೆ, ಗಂಧಕಗಳಿದ್ದೆಡೆ ಈಗ ಪರ್ಮೆಥ್ರಿನ್ ಮುಲಾಮೂ ಐವರ್ಮೆಕ್ಟಿನ್ ಗುಳಿಗೆಯೂ ಬಂದಿವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ನುಸಿಗಳೆಲ್ಲ ಸತ್ತ ಮೇಲೆಯೂ ಅವುಗಳ ಅವಶೇಷಗಳಿಂದಾಗಿ ತುರಿಕೆ ಕೆಲವು ವಾರ ಉಳಿಯುವುದುಂಟು. ಅದಕ್ಕಾಗಿ ವೈದ್ಯರನ್ನು ಕೇಳದೆ ಮುಲಾಮನ್ನು ಮತ್ತೆ ಮತ್ತೆ ಹಚ್ಚಬಾರದು; ಮೊದಲಿಗೇ ಮನೆಮಂದಿಯೆಲ್ಲ ಒಂದೇ ದಿನ ಚಿಕಿತ್ಸೆ ಪಡೆಯತಕ್ಕದ್ದು.