ಪೋಚಂಪಲ್ಲಿಯಿಂದ ಜಾರ್ಜಿಯಾಕ್ಕೆ: ಸಮುದಾಯದ ನೆಲದ ಚರಿತ್ರೆ

ಭೂಮಿಯನ್ನು ಶಾಶ್ವತವಾಗಿ ಮಾರಕೂಡದು, ಐವತ್ತನೆಯ ವರುಷದಲ್ಲಿ ಅದು ಮೂಲ ಕುಟುಂಬಕ್ಕೆ ಮರಳಬೇಕು ಎಂಬ ಕಟ್ಟಳೆಯನ್ನು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ; ಓದಿ, ಪುಟ ತಿರುವಿದ್ದೇವೆ. ಅದಕ್ಕೆ ಸಮೀಪವಾದುದನ್ನು ಇತ್ತೀಚಿನ ಕಾಲದಲ್ಲಿ ಆಚರಣೆಗೆ ತರಲೆತ್ನಿಸಿದವರ ವೃತ್ತಾಂತವನ್ನು ಭಕ್ತಾದಿಗಳ ಮುಂದಿಡಲು ಬಯಸುತ್ತೇನೆ.

1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂಹೀನ ದಲಿತ ಕುಟುಂಬಗಳು ವಿನೋಬಾ ಭಾವೆಯವರಲ್ಲಿ 80 ಎಕರೆ ಬೇಡಿದವು. ಸಭೆಯಲ್ಲಿದ್ದ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವುದಾಗಿ ಸಾರಿದರು. ಭೂದಾನ ಹುಟ್ಟಿದ್ದು ಹೀಗೆ. ಮುಂದೆ ದಾನವಾಗಿ ಬಂದ ನೆಲದಲ್ಲಿ ಬಹಳಷ್ಟು ಬಂಜರಾಗಿತ್ತೆಂಬುದನ್ನೂ ಮುಚ್ಚಿಡಲಾಗದು. ಕೊಡುವಾಗಲೂ ಮನುಷ್ಯನ ಕೈ ಬಿಗಿಯೇ. 1952ರಲ್ಲಿ ಉತ್ತರ ಪ್ರದೇಶದ ಮಂಗ್ರೋಠ್ ಗ್ರಾಮವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಒಡೆತನವನ್ನೇ ಊರಿಗೆ ಒಪ್ಪಿಸಿತು. ಇದೇ ಗ್ರಾಮದಾನ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನೆಹರೂ ಅವರೂ ಸೇರಿ ನಾನಾ ಪಕ್ಷಗಳ ನಾಯಕರು ಈ ವಿಚಾರವನ್ನು ಚರ್ಚಿಸಿ ಅನುಮೋದಿಸಿದರು.

ಈ ಬೀಜ ಕಡಲಾಚೆಯೂ ಮೊಳೆಯಿತು. ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ ಮತದಾನದ ಹಕ್ಕು ಕೇಳಿದ ಕಪ್ಪು ಗೇಣಿದಾರರನ್ನು ಒಡೆಯರು ಹೊಲಮನೆಗಳಿಂದ ಹೊರದೂಡುತ್ತಿದ್ದರು. ನೆಲ ಪರರದಾದರೆ ಮತವೂ ತನ್ನದಲ್ಲವೆಂಬುದನ್ನು ಆ ಹೋರಾಟದ ಮುಂದಾಳುಗಳಾದ ಸ್ಲೇಟರ್ ಕಿಂಗ್ ಮತ್ತು ಚಾರ್ಲ್ಸ್ ಶೆರಡ್ ಅರಿತರು. ಗ್ರಾಮದಾನದಿಂದ ಪ್ರಭಾವಿತರಾಗಿದ್ದ ರಾಬರ್ಟ್ ಸ್ವಾನ್ ಅವರೊಡನೆ ಕೂಡಿ, 1968ರಲ್ಲಿ ಇಸ್ರೇಲಿಗೆ ಹೋಗಿ ಅಲ್ಲಿನ ದೀರ್ಘ ಗುತ್ತಿಗೆಯ ಪದ್ಧತಿಯನ್ನು ಅಭ್ಯಸಿಸಿದರು. 1969ರಲ್ಲಿ 'ನ್ಯೂ ಕಮ್ಯುನಿಟೀಸ್' ಸಂಸ್ಥೆ ಸ್ಥಾಪಿತವಾಗಿ, ಸುಮಾರು 5,700 ಎಕರೆ ಭೂಮಿಯನ್ನು ಕೊಂಡಿತು. ನೆಲ ಸಮುದಾಯದ್ದು, ಅದರ ಮೇಲೆ ಕಟ್ಟುವ ಮನೆ ಕುಟುಂಬದ್ದು: ಇದೇ ಅವರ ಸಂಕಲ್ಪ. ಆದರೆ ಸ್ಥಳೀಯ ವಿರೋಧ ತೀವ್ರವಾಗಿತ್ತು; ಯೋಜಿಸಿದ ಊರು ಏಳಲಿಲ್ಲ. ಬೇಸಾಯ ಮಾತ್ರ ಸಾಗಿತು. ಬರಗಾಲ ಬಂದಾಗ ನೆರೆಯ ಬಿಳಿಯ ರೈತರಿಗೆ ದೊರೆತ ಸರ್ಕಾರಿ ಸಾಲ ಇವರಿಗೆ ಸಕಾಲಕ್ಕೆ ದೊರೆಯಲಿಲ್ಲ. 1985ರಲ್ಲಿ ಭೂಮಿಯೆಲ್ಲ ಕೈತಪ್ಪಿತು.

ಅಷ್ಟರಲ್ಲಿ ಆ ಮಾದರಿ ನಗರಗಳನ್ನು ಸೇರಿತ್ತು. 1981ರಲ್ಲಿ ಸಿನ್ಸಿನಾಟಿ ನಗರದ ಬಡ ಕೇರಿಯೊಂದರಲ್ಲಿ ನಾನಾ ಸಭೆಗಳ ಕ್ರೈಸ್ತರು ಒಂದಾಗಿ ಇಂಥದೊಂದು ಸಂಸ್ಥೆ ಕಟ್ಟಿದರು. 1984ರಲ್ಲಿ ಬರ್ಲಿಂಗ್ಟನ್ ನಗರಸಭೆ ತಾನೇ ಮುಂದಾಗಿ 2 ಲಕ್ಷ ಡಾಲರ್ ನೀಡಿತು. ಇಲ್ಲಿ ಬಡವನು ಮನೆಯನ್ನಷ್ಟೇ ಕೊಳ್ಳುತ್ತಾನೆ. ನಿವೇಶನದ ಬೆಲೆ ಅವನ ತಲೆಯ ಮೇಲೆ ಬೀಳದು. ಮುಂದೆ ಮಾರಿದರೆ ಏರಿದ ಬೆಲೆಯಲ್ಲಿ ಒಂದಂಶ ಮಾತ್ರ ಅವನದು. ಉಳಿದುದನ್ನು ಬಿಟ್ಟುಕೊಡುವುದರಿಂದ ನಂತರ ಬರುವ ಬಡವನಿಗೂ ಅದೇ ಮನೆ ಎಟಕುತ್ತದೆ. ನಮ್ಮಲ್ಲಿ ಸೈಟು ಕೊಂಡು, ಬೆಲೆಯೇರಲೆಂದು ಬೇಲಿ ಹಾಕಿ ಕಾಯುವವರಿಗೆ ಇದು ರುಚಿಸಲಿಕ್ಕಿಲ್ಲ.

ಇತ್ತ ಗಡಚಿರೋಲಿಯ ಮೇಂಢಾ ಲೇಖಾ ಎಂಬ ಗೊಂಡರ ಹಳ್ಳಿ 2013ರಲ್ಲಿ ತನ್ನ ಜಮೀನನ್ನು ಗ್ರಾಮದಾನವೆಂದು ಗ್ರಾಮಸಭೆಗೆ ಒಪ್ಪಿಸಿತು. ಜಾರ್ಜಿಯಾದವರೂ ಸುಮ್ಮನಿರಲಿಲ್ಲ. ಸಾಲದಲ್ಲಿ ತೋರಿದ ಭೇದಭಾವಕ್ಕಾಗಿ 2009ರಲ್ಲಿ ಅವರಿಗೆ ಸುಮಾರು 1 ಕೋಟಿ 20 ಲಕ್ಷ ಡಾಲರ್ ಪರಿಹಾರ ಲಭಿಸಿತು. 2011ರಲ್ಲಿ ಆ ಹಣದಿಂದ 1,600 ಎಕರೆಗೂ ಮಿಕ್ಕ ತೋಟವೊಂದನ್ನು ಕೊಂಡರು. ಒಂದು ಕಾಲದಲ್ಲಿ ಅಲ್ಲಿ ದುಡಿದವರು ಗುಲಾಮರು.